ಮೂರನೇ ರೊಟ್ಟಿ

ಖಳನಾಯಕನ ಮಗಳಿಗೆ ಗಂಡು ಸಿಗುವುದು ಕಷ್ಟ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಬಿಡಿ. ಮೂವತ್ತೈದು ವರ್ಷ ನಾಟಕ ಕಂಪನಿಗಳಲ್ಲಿ ಬಣ್ಣ ಹಚ್ಚಿದವನು ನಾನು, ಗುಡೂರಿನ ಕಾಶಪ್ಪ. ಹನ್ನೊಂದು ನಾಟಕ ಬರೆದೆ. ಹನ್ನೊಂದರಲ್ಲೂ ದುಷ್ಟನ ಪಾತ್ರ ನನಗೇ ಇಟ್ಟುಕೊಂಡೆ. ನಾಯಕನಾಗಲು ಮೂಗು ಚೆಂದ ಇರಬೇಕು, ನನ್ನ ಮೂಗನ್ನು ದೇವರು ಅವಸರದಲ್ಲಿ ಮಾಡಿದ್ದಾನೆ.

ಎಲ್ಲಕ್ಕಿಂತ ಹೆಸರಾದದ್ದು ‘ಮೂರನೇ ರೊಟ್ಟಿ’. ಅದರಲ್ಲಿ ನಾನು ಸೊಸೆಯನ್ನು ಕಾಡುವ ಮಾವ. ಸೊಸೆ ಉಣ್ಣಲು ಕೂತಾಗ ಬಾಗಿಲಲ್ಲಿ ನಿಂತು, “ಎಷ್ಟನೇ ರೊಟ್ಟಿ ಅದು?” ಎನ್ನುತ್ತೇನೆ. “ಎರಡನೇದ್ರಿ” ಎನ್ನುತ್ತಾಳೆ ಅವಳು. “ಮೂರನೇದು ನಿಮ್ಮಪ್ಪನ ಮನ್ಯಾಗ ತಿನ್ನು. ನಿಮ್ಮವ್ವ ನಿನ್ನ ಸಾಕೂ ಬದ್ಲಿ ಒಂದು ಎಮ್ಮಿ ಸಾಕಿದ್ರ ಹಾಲರೆ ಕುಡೀತಿದ್ಲು!” ಅಷ್ಟೇ ಸಾಕು, ಹೆಂಗಸರ ಕಡೆಯಿಂದ ಶಾಪ ಶುರು. ಬಾದಾಮಿಯಲ್ಲಿ ಒಮ್ಮೆ ಚಪ್ಪಲಿಯೂ ಬಂತು. ಖಳನಾಯಕನಿಗೆ ಅದಕ್ಕಿಂತ ದೊಡ್ಡ ಪ್ರಶಸ್ತಿ ಯಾವುದಿದೆ? ಆ ವಾರವಿಡೀ ಎದೆ ಉಬ್ಬಿಸಿಕೊಂಡು ತಿರುಗಿದೆ.

ಮಗಳು ದಾನೇಶ್ವರಿ ಇಳಕಲ್ಲಿನ ದವಾಖಾನೆಯಲ್ಲಿ ನರ್ಸ್. ಹುನಗುಂದದ ಹೈಸ್ಕೂಲ್ ಮಾಸ್ತರ ಸುನೀಲಕುಮಾರ ಅವಳನ್ನು ಮೆಚ್ಚಿದ, ಅವಳೂ ಮೆಚ್ಚಿದಳು. ಎಲ್ಲ ಕೂಡಿಬಂತು ಅನ್ನುವಷ್ಟರಲ್ಲಿ ಹುಡುಗನ ಅಜ್ಜಿ ಸತ್ಯವ್ವ ಅಡ್ಡಗಾಲು ಹಾಕಿದರು. ಯಾರೋ ಪುಣ್ಯಾತ್ಮರು ಅವರಿಗೆ ಮೊಬೈಲಿನಲ್ಲಿ ನನ್ನ ನಾಟಕ ತೋರಿಸಿದ್ದರು. “ಆ ಹೊಲಸು ಬಾಯಿಯವನ ಮನಿ ಹೆಣ್ಣು ಬ್ಯಾಡ” ಎಂದುಬಿಟ್ಟರಂತೆ. ಆ ಮನೆಯಲ್ಲಿ ಅವರ ಮಾತು ಮೀರುವವರಿಲ್ಲ. ಮಗಳು ಎರಡು ದಿನ ನನ್ನ ಜೊತೆ ಮಾತೇ ಆಡಲಿಲ್ಲ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಹೆಂಡತಿ ಗುರುಲಿಂಗವ್ವನನ್ನು ಕರೆದುಕೊಂಡು ಬೆಳಗಿನ ಬಸ್ಸಿಗೇ ಹುನಗುಂದಕ್ಕೆ ಹೋದೆ. ಸತ್ಯವ್ವ ಪಡಸಾಲೆಯಲ್ಲಿ ತೊಗರಿಬೇಳೆ ಹಸನು ಮಾಡುತ್ತ ಕೂತಿದ್ದರು. ನಮ್ಮನ್ನು ಕಂಡರೂ ಮೊರ ಕೆಳಗಿಡಲಿಲ್ಲ.

“ಆಯಿ, ಅದು ಬರೇ ನಾಟಕರಿ. ನಾ ಇರುವಿ ಸೈತ ತುಳಿಯಾವಲ್ಲ” ಎಂದು ಕೈಮುಗಿದೆ. ಮಗಳ ಮುಖ ನೆನಪಾಗಿ ಕಣ್ಣಲ್ಲಿ ನೀರು ಬಂತು.

“ಚೊಲೊ ಮಾಡ್ತಿ ನೋಡಪಾ. ಇದು ಯಾವ ನಾಟಕ?” ಎಂದರು ಮುದುಕಿ.

ಎಲಾ! ನಟನ ಕಣ್ಣೀರಿಗೆ ಬೆಲೆಯೇ ಇಲ್ಲವಲ್ಲ. ಸಿಟ್ಟು ನೆತ್ತಿಗೇರಿತು, ನುಂಗಿಕೊಂಡೆ.

“ಬಣ್ಣ ಹಚ್ಚಿ ಆಡಿದಿ, ಆತು. ಆದ್ರ ಆ ಮಾತು ಬರದಾಂವ ನೀನ ಅಲ್ಲೇನು? ನಿನ್ನ ತಲ್ಯಾಗ ಇದ್ದದ್ದಕ್ಕ ಬಂದ್ವು. ಅಂಥಾ ಮನ್ಯಾಗ ಬೆಳದ ಹುಡುಗಿ ನಾಳೆ ಇಲ್ಲಿ ಬಂದು ಏನ ಅಂತಾಳ?”

ಇದಕ್ಕೆ ನನ್ನ ಬಳಿ ಉತ್ತರವಿತ್ತು, ಹೇಳುವಂತಿರಲಿಲ್ಲ. ಆ ಮಾತು ನನ್ನದಲ್ಲ. ಮದುವೆಯಾಗಿ ನಾಲ್ಕೈದು ವರ್ಷಕ್ಕೆ, ಕಂಪನಿಯಿಂದ ರಜೆಗೆ ಬಂದು ಆ ನಾಟಕ ಬರೆಯುತ್ತ ಕೂತಿದ್ದೆ. ಲೇಖನಿ ಮುಂದೆ ಹೋಗಲೊಲ್ಲದು. “ಸೊಸಿ ಎದಿಗಿ ನಾಟೂ ಹಂಗ ಏನ ಅನ್ನಬೇಕಲೇ?” ಎಂದು ಗುರುಲಿಂಗವ್ವನನ್ನೇ ಕೇಳಿದೆ. ಹಿಟ್ಟು ನಾದುತ್ತಿದ್ದವಳು ತಲೆ ಎತ್ತದೆ ಒಂದಾದ ಮೇಲೊಂದು ಹೇಳಿದಳು. “ಭಲೇ! ನೀನೂ ನಾಟಕ ಬರೀಬಹುದಲ್ಲ!” ಎಂದು ನಕ್ಕು ಬರೆದುಕೊಂಡೆ. ಈಗ ಅದನ್ನು ಹೇಳಿದರೆ ಹೊಲಸು ಬಾಯಿ ಹುಡುಗಿಯ ತಾಯಿಯದೇ ಎಂದಾಗುತ್ತದೆ. ಮದುವೆಗೆ ಎಳ್ಳುನೀರು ಬಿಟ್ಟ ಹಾಗೆಯೇ.

“ಅವು ಇವರ ಮಾತಲ್ಲರಿ ಆಯಿ. ನಾ ಹೇಳಿಕೊಟ್ಟದ್ದು” ಎಂದಳು ಗುರುಲಿಂಗವ್ವ.

ಸತ್ತೆವು ಅಂದುಕೊಂಡೆ. ಸತ್ಯವ್ವ ಮೊರ ಕೆಳಗಿಟ್ಟು ಅವಳನ್ನೇ ನೋಡಿದರು.

“ನಿನಗ ಯಾರು ಅಂದಿದ್ರವಾ?”

“ನಮ್ಮತ್ತಿ. ಇವರು ಕಂಪನಿ ಜೋಡಿ ಊರೂರು ತಿರುಗೂ ಮುಂದ. ದಾನೇಶ್ವರಿ ಹುಟ್ಟೂತನಕ.”

ನಮ್ಮವ್ವ! ನಾನು ಊರಿಗೆ ಬಂದಾಗ ಪಕ್ಕದಲ್ಲೇ ಕೂತು, ಸಾಕೆಂದರೂ ಬಿಡದೆ ರೊಟ್ಟಿಯ ಮೇಲೆ ಬೆಣ್ಣೆ ಇಡುತ್ತಿದ್ದವಳು. ಅವಳ ಫೋಟೋಕ್ಕೆ ನಾನು ದಿನಾ ಊದಿನಕಡ್ಡಿ ಹಚ್ಚುತ್ತೇನೆ.

“ಮಗಳಿಗಿ ಗೊತ್ತೈತೇನು?”

“ಇಲ್ಲರಿ. ಅಕಿಗಿ ಅಜ್ಜಿ ಅಂದ್ರ ಜೀವ. ಹೇಳಿ ಏನ ಮಾಡೂದೈತಿ?”

ಸತ್ಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಒಳಗೆ ಮುಖ ಮಾಡಿ ಮೊಮ್ಮಗನನ್ನು ಕೂಗಿದರು: “ಸುನೀಲಾ, ಚಾ ಇಡಾಕ ಹೇಳೋ. ಬೀಗರು ಬಂದಾರ.”

ಮಧ್ಯಾಹ್ನದ ಬಸ್ಸಿನಲ್ಲಿ ಗುಡೂರಿಗೆ ಹೊರಟೆವು. ಗುರುಲಿಂಗವ್ವ ಮಗಳಿಗೆ ಫೋನು ಮಾಡಿ ಸುದ್ದಿ ತಿಳಿಸಿದಳು, ಇಬ್ಬರೂ ನಕ್ಕರು. ನನಗೆ ನಗು ಬರಲಿಲ್ಲ. ಊರೂರಲ್ಲಿ ಆ ಮಾತು ಆಡಿದ್ದೇನೆ, ಚಪ್ಪಾಳೆ ತಗೊಂಡಿದ್ದೇನೆ. ಇಳಕಲ್ಲಿನ ಆಟದಲ್ಲಿ ಹೆಂಡತಿ ಮುಂದಿನ ಸಾಲಿನಲ್ಲೇ ಕೂತು ಕೇಳಿದ್ದಾಳೆ. ಕಡೆಗೆ ಕೇಳಿದೆ:

“ನನಗ ಒಂದು ಮಾತು ಹೇಳಬಾರದಿತ್ತೇನ?”

ಗುರುಲಿಂಗವ್ವ ಕಿಟಕಿಯಿಂದ ಮುಖ ತಿರುಗಿಸಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

“ಹೇಳಿದ್ನಲ್ಲರಿ ಅವತ್ತ. ನೀವು ಬರಕೊಂಡ್ರಿ.”