ಮೂರೂರಿಗೆ ಒಂದೇ ರಕ್ತ

ಜೇವರ್ಗಿ, ಅಫಜಲಪುರ, ಆಳಂದ, ಈ ಮೂರೂ ಊರುಗಳ ಸುತ್ತಮುತ್ತ ಅಮಾವಾಸ್ಯೆ ದಿನ ಸೂಜಿಗೆ ಕೈ ಚಾಚುವವರು ಸಿಗುವುದು ಕಷ್ಟ. ಎತ್ತಿನ ಹೆಗಲ ಮೇಲೆ ನೊಗ ಇಡದ ದಿನ ಮನುಷ್ಯನ ಮೈಯಿಂದ ರಕ್ತ ತೆಗೆಯುವುದೆಂದರೇನು? ಮೈ ಸುಡುವ ಜ್ವರ ಇದ್ದವರು ಕೂಡ ‘ನಾಳಿ ಬರ್ತೇವ್ರಿ’ ಎಂದು ಹೊದ್ದು ಮಲಗಿಬಿಡುತ್ತಾರೆ. ಇಂಥ ಸೀಮೆಯಲ್ಲಿ ರಕ್ತಪರೀಕ್ಷೆಯ ಅಂಗಡಿ ತೆರೆದವರ ಧೈರ್ಯ ಮೆಚ್ಚಬೇಕು.

ತೆರೆದವರು ಇಬ್ಬರು ಹೆಂಗಸರು. ರಮಾಬಾಯಿ ಲ್ಯಾಬಿನ ಕೋರ್ಸು ಮುಗಿಸಿದ್ದಳು, ಮಸರತ ಹೆರಿಗೆ ಆಸ್ಪತ್ರೆಯೊಂದರಲ್ಲಿ ನರ್ಸಾಗಿದ್ದಳು. ಜೇವರ್ಗಿ ಬಸ್ ಸ್ಟ್ಯಾಂಡಿನ ಹಿಂದೆ ದರ್ಜಿ ಅಂಗಡಿಯ ಒಳಕೋಣೆ, ಒಂದು ಹಳೆಯ ಸೂಕ್ಷ್ಮದರ್ಶಕ, ಗೋಡೆಗೆ ಬುದ್ಧನ ಪಟ, ಮೂಲೆಯಲ್ಲಿ ನೀರಿನ ಕೊಡ. ಕಂಪನಿಯ ಆಸ್ತಿ ಇಷ್ಟೇ ಆಗಿತ್ತು. ಬೋರ್ಡಿನ ಮೇಲೆ ‘ರಮಾ-ಮಸರತ ರಕ್ತ ಪರೀಕ್ಷಾಲಯ’ ಎಂದು ಚೆಂದಗೆ ಬರೆಸಿದರು. ಬೋರ್ಡು ಓದುವ ತ್ರಾಸು ಯಾರಿಗೆ ಬೇಕು? ಜನ ‘ಬಾಯ್ಗೋಳ ಲ್ಯಾಬ್’ ಎಂದರು, ಅದೇ ಹೆಸರು ನಿಂತಿತು.

ಅವರ ಹೊಸ ಹೊಸ ಉಪಾಯಗಳೆಲ್ಲ ಹುಟ್ಟಿದ್ದು ತೊಂದರೆಯಿಂದ. ನೆಲೋಗಿ, ಕೊಳಕೂರದಿಂದ ಬಸ್ಸಿನಲ್ಲಿ ಬರುವ ರಕ್ತ ಬಿಸಿಲಿಗೆ ಕೆಟ್ಟುಹೋಗುತ್ತಿತ್ತು. ಮಣ್ಣಿನ ಗಡಿಗೆಯೊಳಗೆ ಸೀಸೆ ಇಟ್ಟು, ಹೊರಗೆ ಹಸಿ ಗೋಣಿತಟ್ಟು ಸುತ್ತಿ ಕಂಡಕ್ಟರನ ಕೈಗೆ ಕೊಡುವುದನ್ನು ಕಲಿತರು. ಸೀಮಂತದ ಕುಬಸ ಮಾಡಿಸಿಕೊಂಡ ಬಸುರಿಯರು ಕೈತುಂಬ ತೊಟ್ಟ ಹಸಿರು ಬಳೆಯನ್ನು ಮುಟ್ಟಗೊಡುತ್ತಿರಲಿಲ್ಲ. ಮಸರತ ಅಂಗೈ ಹಿಂಬದಿಯ ಸಣ್ಣ ನರವನ್ನೇ ಹಿಡಿದು, ಒಂದು ಬಳೆಯೂ ಸದ್ದು ಮಾಡದಂತೆ ರಕ್ತ ತೆಗೆಯುತ್ತಿದ್ದಳು. ರಿಪೋರ್ಟು ಕನ್ನಡದಲ್ಲಿ ಅಚ್ಚಾಗತೊಡಗಿತು. ಅಂಕಿಯ ಕೆಳಗೆ ‘ಇವತ್ತೇ ಡಾಕ್ಟರಿಗೆ ತೋರಿಸಿರಿ’ ಅಥವಾ ‘ಗಾಬರಿ ಬೇಡ’ ಎಂಬ ಒಂದು ಸಾಲು ಇರುತ್ತಿತ್ತು. ಜನರಿಗೆ ಅಂಕಿಗಿಂತ ಆ ಸಾಲೇ ಮುಖ್ಯವಾಯಿತು.

ಒಂದು ತೊಂದರೆಗೆ ಮಾತ್ರ ಉಪಾಯ ಹೊಳೆಯಲಿಲ್ಲ. ರಕ್ತ ಕೊಟ್ಟು ತಲೆ ಸುತ್ತಿದವರಿಗೆ ರಮಾಬಾಯಿ ಮೂಲೆಯ ಕೊಡದಿಂದ ನೀರು ತಂದುಕೊಟ್ಟರೆ ಕೆಲವರು ಮುಖ ತಿರುಗಿಸುತ್ತಿದ್ದರು. ಅವಳು ಯಾವ ಓಣಿಯವಳೆಂದು ಅವರಿಗೆ ಗೊತ್ತಿತ್ತು. ಅವಳ ಕೈಗೆ ರಕ್ತ ಕೊಡಬಹುದಂತೆ, ಅವಳ ಕೈಯ ನೀರು ಕುಡಿಯಬಾರದಂತೆ! ಎಂಥ ಲೆಕ್ಕವೋ ಇದು. ಜಗಳಕ್ಕೆ ಹೋಗದೆ ಅವಳು ಸೀಲು ಒಡೆಯದ ಬಾಟ್ಲಿ ತರಿಸಿಟ್ಟಳು. ಇಂದು ಮೂರೂರಲ್ಲೂ ಶಾಖೆಗಳಿವೆ, ಮೂರರಲ್ಲೂ ಕೊಡದ ಪಕ್ಕ ಬಾಟ್ಲಿಗಳಿವೆ.

ಅಮಾವಾಸ್ಯೆಯ ಪದ್ಧತಿ ಶುರುವಾದದ್ದು ಹೊಸ ಮಶೀನುಗಳು ಬಂದ ಮೇಲೆ. ಅವತ್ತು ಹೇಗೂ ನೊಣ ಹೊಡೆಯುತ್ತ ಕೂಡುವ ದಿನ. “ಖಾಲಿ ಕುಂತು ಏನ್ ಮಾಡೂದು? ನಮ್ಮದೇ ರಕ್ತ ಹಾಕಿ ಮಶೀನಿನ ಕಿವಿ ಹಿಂಡೋಣ” ಎಂದಳು ರಮಾಬಾಯಿ. ಬೆಳಿಗ್ಗೆ ಜೇವರ್ಗಿಯಲ್ಲಿ ಮಸರತ ಅವಳ ರಕ್ತ ತೆಗೆಯುವಳು. ಅದೇ ರಕ್ತವನ್ನು ಅಲ್ಲಿ ನೋಡಿ, ತಂಪಿನ ಡಬ್ಬಿಯಲ್ಲಿಟ್ಟುಕೊಂಡು ಇಬ್ಬರೂ ಜೀಪಿನಲ್ಲಿ ಅಫಜಲಪುರಕ್ಕೆ, ಅಲ್ಲಿಂದ ಆಳಂದಕ್ಕೆ ಹೋಗುವರು. ಒಂದೇ ರಕ್ತಕ್ಕೆ ಮೂರೂ ಮಶೀನು ಒಂದೇ ಮಾತು ಹೇಳಬೇಕು. ಜನ ನಕ್ಕರು. ಅಮಾಸಿಗೆ ರಕ್ತ ತೆಗೆಸಿಕೊಳ್ಳುವ ಹುಚ್ಚಿ ಎಂದೂ ಅಂದರು. ಅಂದುಕೊಳ್ಳಲಿ ಎಂದು ಅವಳು ಬಿಟ್ಟಳು.

ಈ ಸಲದ ಎಳ್ಳಮಾವಾಸ್ಯೆ ದಿನ ಮಶೀನು ಮಾತು ಬದಲಿಸಿತು. ಅವಳ ರಕ್ತದ ಹಿಮೋಗ್ಲೋಬಿನ್ ಜೇವರ್ಗಿಯಲ್ಲಿ ಹನ್ನೊಂದು, ಅಫಜಲಪುರದಲ್ಲಿ ಹನ್ನೊಂದು, ಆಳಂದದಲ್ಲಿ ಹದಿನಾಲ್ಕು.

ಮತ್ತೊಮ್ಮೆ ಹಾಕಿದರು. ಹದಿನಾಲ್ಕೇ. ಆಳಂದದ ಶಾಖೆ ನೋಡಿಕೊಳ್ಳುವ ಸಿದ್ದಲಿಂಗ ಬೆವರಿದ. ಕರೆಂಟು ಹೋಗಿ ಫ್ರಿಜ್ಜು ಬಿಸಿಯಾಗಿತ್ತು, ಮಶೀನು ಹೊಂದಿಸುವ ದ್ರಾವಣ ಅದರಲ್ಲೇ ಕೆಟ್ಟಿತ್ತು, ಈ ತಿಂಗಳು ಅದರಿಂದಲೇ ಮಶೀನು ಹೊಂದಿಸಿದ್ದ. ಅಂದರೆ ಅಲ್ಲಿಂದ ಈಚೆಗೆ ಆಳಂದದಲ್ಲಿ ರಕ್ತ ಕಡಿಮೆ ಇದ್ದವರಿಗೆಲ್ಲ ಇದ್ದದ್ದಕ್ಕಿಂತ ಹೆಚ್ಚಿದೆ ಎಂಬ ರಿಪೋರ್ಟು ಹೋಗಿತ್ತು.

“ಅಕ್ಕಾರ, ಸಂಜಿತನಕ ಸರಿ ಮಾಡ್ತೇನ್ರಿ” ಎಂದ ಸಿದ್ದಲಿಂಗ. “ನಾಳಿ ಒಬ್ಬೊಬ್ಬರಿಗೆ ಫೋನ್ ಹಚ್ಚಿ, ಫ್ರೀ ಚೆಕಪ್ ಅದ ಬರ್ರಿ ಅಂತ ಕರಿಯೋಣ. ನಾವಾಗೇ ಯಾಕ ಡಂಗುರ ಹೊಡೀಬೇಕು?”

ರಮಾಬಾಯಿಗೆ ಒಂದು ಗಳಿಗೆ ಆ ಮಾತು ಹಿತವೆನಿಸಿತು. ಸುಳ್ಳು ಯಾಕೆ ಹೇಳಬೇಕು, ಅವಳಿಗೆ ಹೆದರಿಕೆಯಾಗಿತ್ತು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ನೀರು ಒಲ್ಲೆ ಅಂದವರಿಂದಲೂ ಗಳಿಸಿದ ನಂಬಿಕೆ ಅದು. ತಪ್ಪು ಬೇರೆ ಯಾರದಾದರೂ ಆಗಿದ್ದರೆ ಜನ ಮಶೀನಿಗೆ ಬೈದಾರು. ಅವಳ ತಪ್ಪಾದರೆ ಓಣಿಗೆ ಬೈಯುತ್ತಾರೆ.

ಅಷ್ಟರಲ್ಲಿ ಕಂಪ್ಯೂಟರಿನ ಮುಂದೆ ಬಗ್ಗಿದ್ದ ಮಸರತ ಒಂದು ಹೆಸರಿನ ಮೇಲೆ ಬೆರಳಿಟ್ಟಳು. ಜಿಡಗಾದ ಭಾಗ್ಯಜ್ಯೋತಿ, ದಿನ ತುಂಬಿದ ಬಸುರಿ. ರಿಪೋರ್ಟಿನಲ್ಲಿ ಒಂಬತ್ತು, ಕೆಳಗೆ ‘ಗಾಬರಿ ಬೇಡ’ ಎಂಬ ಸಾಲು.

“ಒಂಬತ್ತಲ್ಲ ರಮಾ, ಏಳರ ಆಸುಪಾಸು ಇರತದ. ಹೆರಿಗಿಗೆ ಬ್ಯಾನಿ ಇವತ್ತೇ ಸುರು ಆದ್ರ? ರಕ್ತ ಹೋಗಾಕತ್ತಿದ ಮ್ಯಾಲ ರಕ್ತದ ಬಾಟ್ಲಿ ಹುಡುಕೂದೇನು?”

ಭಾಗ್ಯಜ್ಯೋತಿಯ ಮನೆಯ ಫೋನು ಹೊಡೆದುಕೊಂಡೇ ಇತ್ತು, ಯಾರೂ ಎತ್ತಲಿಲ್ಲ. ಎಳ್ಳಮಾವಾಸ್ಯೆ ದಿನ ಮನೆಯಲ್ಲಿ ಯಾರಿರುತ್ತಾರೆ? ಊರಿಗೆ ಊರೇ ಹೊಲದಲ್ಲಿ.

“ಸಿದ್ದಲಿಂಗಾ, ಉಳಿದವರಿಗೆಲ್ಲ ಈಗ್ಲೇ ಫೋನ್ ಹಚ್ಚು. ಫ್ರೀ ಚೆಕಪ್ ಅನ್ನಬ್ಯಾಡ. ನಮ್ಮ ತಪ್ಪಾಗೇದ, ರಿಪೋರ್ಟ್ ನಂಬಬ್ಯಾಡ್ರಿ ಅನ್ನು” ಎಂದು ರಮಾಬಾಯಿ ಜೀಪು ಹತ್ತಿದಳು.

ಜಿಡಗಾದ ಹೊಲದಲ್ಲಿ ಬಿಳಿಜೋಳ ತೆನೆ ಹಿಡಿದು ನಿಂತಿತ್ತು. ಭಾಗ್ಯಜ್ಯೋತಿಯ ಅತ್ತೆ ಕಸ್ತೂರಿಬಾಯಿ ಬುಟ್ಟಿ ಹಿಡಿದು ‘ಹುಲುಲಿಗೋ’ ಎನ್ನುತ್ತ ಹೊಲದ ತುಂಬ ಚರಗ ಚೆಲ್ಲುತ್ತಿದ್ದಳು. ಬಸುರಿಯಾದ ಭೂಮಿತಾಯಿಗೆ ಬಯಕೆಯ ಊಟ ಅದು. ಹತ್ತಿ ಬಿಡಿಸುವ ಆಳಿನಿಂದ ದೇಸಾಯರವರೆಗೆ ಯಾರೇ ಎದುರು ನಿಂತರೂ ಅಳುಕದ ಹೆಂಗಸು. ಜೀಪಿನಿಂದ ಇಳಿದವರನ್ನು ಕಂಡು, “ಬರ್ರಿ, ಮೊದ್ಲ ಉಣ್ರಿ, ಆಮ್ಯಾಲ ಮಾತು” ಎಂದಳು. ಎಳ್ಳಮಾವಾಸ್ಯೆಯ ಹೊಲದಿಂದ ಯಾರೂ ಹಸಿದು ಹೋಗುವಂತಿಲ್ಲ. ಎದೆಯಲ್ಲಿ ಬೆಂಕಿ ಇಟ್ಟುಕೊಂಡು ಇಬ್ಬರೂ ಎರಡು ತುತ್ತು ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ ನುಂಗಿದರು.

ನುಂಗಿ ರಮಾಬಾಯಿ ಹೇಳಿದಳು: “ಅವ್ವಾರ, ನಿಮ್ಮ ಸೊಸಿಗೆ ನಾವು ತಪ್ಪು ರಿಪೋರ್ಟ್ ಕೊಟ್ಟೇವಿ. ನಮ್ಮ ಮಶೀನು ಸುಳ್ಳು ಹೇಳೇದ. ಆಕಿ ಮೈಯಾಗ ರಕ್ತ ಭಾಳ ಕಡಿಮಿ ಅದ. ಈಗ್ಲೇ ಮತ್ತೊಮ್ಮೆ ನೋಡಬೇಕು.”

ಕಸ್ತೂರಿಬಾಯಿಯ ಕಣ್ಣು ಕೆಂಪಾದವು. “ಸುಳ್ಳು ರಿಪೋರ್ಟ್ ಕೊಟ್ಟಿದ್ದಲ್ದೇ, ಅಮಾಸಿ ದಿನ ಬಸುರಿ ಹೆಣ್ಮಗಳಿಗೆ ಸೂಜಿ ಚುಚ್ಚಾಕ ಬಂದೀರಿ? ಅದೂ ಎಳ್ಳಮಾಸಿಗೆ? ನಾಳಿ ಬರ್ರಿ. ಮಶೀನು ಸುಳ್ಳು ಹೇಳತದ ಅಂತ ನಿಮಗ ಇವತ್ತೇ ಹ್ಯಾಂಗ ಗೊತ್ತಾತು?”

ರಮಾಬಾಯಿ ತೋಳು ಚಾಚಿದಳು. ಮೊಳಕೈ ಮಡಿಕೆಯಲ್ಲಿ ಹತ್ತಿ, ಅದರ ಮೇಲೆ ಪಟ್ಟಿ. “ಇವತ್ತ ಬೆಳಿಗ್ಗಿ ನನ್ನ ರಕ್ತ ಹಾಕಿ ನೋಡಿದ್ದಕ್ಕ ಗೊತ್ತಾತ್ರಿ. ಪ್ರತಿ ಅಮಾಸಿಗೂ ಕೊಡ್ತೇನಿ. ನನಗೇನೂ ಆಗಿಲ್ಲ ನೋಡ್ರಿ.” ಮುದುಕಿ ಬಗ್ಗಲಿಲ್ಲ. ರಮಾಬಾಯಿಗೂ ತಾಳ್ಮೆ ತಪ್ಪಿತು. “ಹೊಲದ ಬಸುರಿಗಿ ಬುಟ್ಟಿ ತುಂಬ ಉಣಸಾಕತ್ತೀರಿ ಅವ್ವಾರ. ಮನಿ ಬಸುರಿ ಮಾರಿ ಒಮ್ಮೆ ನೋಡ್ರಿ!”

ಎಲ್ಲರೂ ಬನ್ನಿಗಿಡದ ಬುಡಕ್ಕೆ ತಿರುಗಿದರು. ಭಾಗ್ಯಜ್ಯೋತಿ ಕೂತಿದ್ದಳು, ತುಟಿಯಲ್ಲಿ ಬಣ್ಣವಿರಲಿಲ್ಲ. ಅತ್ತೆಯ ಎದುರು ಎಂದೂ ದನಿ ಎತ್ತದ ಹುಡುಗಿ.

“ಅತ್ತಿ” ಎಂದಳು ಮೆಲ್ಲಗೆ, “ನಾಕ ಹೆಜ್ಜಿ ನಡದ್ರ ದಮ್ಮು ಹತ್ತಾಕತ್ತದ. ರಿಪೋರ್ಟ್ ಚಲೋ ಅದ ಅಂದ್ರಲ್ಲ, ನಂದೇ ಸೋಗು ಅನ್ಕೊಂಡೀರಿ ಅಂತ ಸುಮ್ನಿದ್ದೆ.” ಅಷ್ಟು ಹೇಳಿ, ಯಾರ ಅಪ್ಪಣೆಗೂ ಕಾಯದೆ ಹಸಿರು ಬಳೆಯ ಕೈಯನ್ನು ಮಸರತಳ ಮುಂದೆ ಚಾಚಿದಳು.

ಕಸ್ತೂರಿಬಾಯಿ ಬುಟ್ಟಿ ಕೆಳಗಿಟ್ಟಳು. ಬಂದು ಸೊಸೆಯ ತಲೆಯನ್ನು ತನ್ನ ಮಡಿಲಿಗೆ ಒರಗಿಸಿಕೊಂಡಳು.

ಒಂದು ಬಳೆಯೂ ಸದ್ದು ಮಾಡಲಿಲ್ಲ. ಮಸರತಳ ಚೀಲದಲ್ಲಿದ್ದ ಅಂಗೈಯಗಲದ ಸಣ್ಣ ಮಶೀನನ್ನು ಬೆಳಿಗ್ಗೆ ಜೇವರ್ಗಿಯಲ್ಲೇ ತಾಳೆ ನೋಡಿದ್ದರು. ಅದು ಆರೂವರೆ ಎಂದಿತು.

ಜೀಪು ನೇರ ಕಲಬುರಗಿಗೆ ಓಡಿತು. ದಾರಿಯಲ್ಲೇ ರಮಾಬಾಯಿ ಆಸ್ಪತ್ರೆಗೆ ಫೋನು ಮಾಡಿ ರಕ್ತ ಹೊಂದಿಸಿದಳು. ಮೈಗೆ ರಕ್ತ ಏರಿದ ಮೇಲೆಯೇ ಬೇನೆ ಶುರುವಾಯಿತು. ಹೆಣ್ಣು ಮಗು, ತಾಯಿ ಮಗು ಇಬ್ಬರೂ ಕ್ಷೇಮ. ಸುದ್ದಿ ಕೇಳಿ ರಮಾಬಾಯಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಮಸರತ, “ಅರೇ, ಹಡದಾಕಿ ನಗಾಕತ್ತಾಳ, ನೀ ಯಾಕ ಅಳ್ತೀ?” ಎಂದು ಗದರಿಸಿ ತಾನೂ ಮೂಗು ಒರೆಸಿಕೊಂಡಳು.

ಆಳಂದದಲ್ಲಿ ಬೈದವರು ಬೈದರು. ಕೆಲವರು ಲ್ಯಾಬಿನ ಕಡೆ ಕಾಲಿಡಲಿಲ್ಲ. ಬಹಳಷ್ಟು ಜನ ಗೊಣಗುತ್ತಲೇ ಬಂದು ಮತ್ತೆ ಪರೀಕ್ಷೆ ಮಾಡಿಸಿಕೊಂಡು ಹೋದರು.

ಮುಂದಿನ ಅಮಾವಾಸ್ಯೆ ಬಂತು. ರಮಾಬಾಯಿ ಡಬ್ಬಿ ಹಿಡಿದು ಆಳಂದದ ಶಾಖೆಗೆ ಬಂದಾಗ, ಖಾಲಿ ಇರಬೇಕಾದ ಕುರ್ಚಿಯಲ್ಲಿ ಕಸ್ತೂರಿಬಾಯಿ ಕೂತಿದ್ದಳು, ಸೆರಗು ಹೊದ್ದು, ತೋಳು ಮುಂದೆ ಮಾಡಿ. ರಮಾಬಾಯಿ ಡಬ್ಬಿ ಕೆಳಗಿಟ್ಟಳು. “ಏನಾತ್ರೀ ಅವ್ವಾರ? ಕೂಸು?”

“ಕೂಸು ಗುಂಡಕಲ್ಲು ಆಗ್ಯಾದ. ನಾ ಬಂದಿದ್ದು ಮಶೀನು ನೋಡಾಕ” ಎಂದಳು ಕಸ್ತೂರಿಬಾಯಿ. “ನಿಮ್ಮ ಒಬ್ಬರ ರಕ್ತದ ಮ್ಯಾಲ ಊರಿಗೆ ಊರೇ ಭರೋಸ ಇಡೂದಂದ್ರೇನು? ನಂದೂ ತಗೋರಿ. ಮೂರೂರಿಗೆ ಒಯ್ರಿ. ಸುಳ್ಳು ಹೇಳಿದ್ರ ಆ ಮಶೀನು ನನ್ನ ಕೈಯಾಗ ಸಿಗತದ.”

ಸಿದ್ದಲಿಂಗ ನಗು ತಡೆಯಲು ಗೋಡೆಯ ಕಡೆ ತಿರುಗಿದ. ಮಸರತ ರಕ್ತ ತೆಗೆದು ಹತ್ತಿ ಒತ್ತಿದಳು. ಮುದುಕಿ ಕಣ್ಣು ಮುಚ್ಚಿ ಗೋಡೆಗೆ ಒರಗಿ, “ಬಾಯಿ ಆರೇದ. ಜರಾ ನೀರ ಕೊಡ್ರಿ” ಎಂದಳು.

ಸಿದ್ದಲಿಂಗ ರೂಢಿಯಂತೆ ಬಾಟ್ಲಿ ತಂದು ಮುಂದೆ ಹಿಡಿದ.

ಕಸ್ತೂರಿಬಾಯಿ ಕಣ್ಣು ತೆರೆದಳು. ಬಾಟ್ಲಿ ನೋಡಿದಳು, ಮೂಲೆಯ ಕೊಡ ನೋಡಿದಳು, ರಮಾಬಾಯಿಯ ಮುಖ ನೋಡಿದಳು. ಆ ಬಾಟ್ಲಿ ಯಾಕೆ ಅಲ್ಲಿದೆ ಎಂದು ತಿಳಿಯದಷ್ಟು ಹಸುಳೆಯಲ್ಲ ಅವಳು.

“ಇದನ್ನ ಒಯ್ದು ಒಳಗ ಇಡೋ ತಮ್ಮಾ” ಎಂದು ಬಾಟ್ಲಿ ಸರಿಸಿದಳು. “ರಮಾಬಾಯಿ, ಆ ಕೊಡದಾಗಿಂದು ನೀವೇ ಕೊಡ್ರಿ.”

ರಮಾಬಾಯಿ ಎದ್ದು ಕೊಡದ ಮುಚ್ಚಳ ತೆಗೆದಳು. ತಂಬಿಗೆ ತುಂಬ ನೀರು ಮೊಗೆದು, ತನ್ನ ಕೈಯಾರೆ ಮುದುಕಿಗೆ ಕೊಟ್ಟಳು.