ಇದ್ರೀಸ್ ಬೇಬೇಯ ದೋಣಿಯೊಳಗಿನ ನೀರು

ಗಾಳಿ ಈಶಾನ್ಯದಿಂದ ಬೀಸತೊಡಗಿತ್ತು. ಮಾಲ್ಡೀವ್ಸ್‌ನ ನಮ್ಮ ಪುಟ್ಟ ದ್ವೀಪಕ್ಕೆ ಏರೋಪ್ಲೇನ್ ಚಿಟ್ಟೆಗಳು ಬಂದಿಳಿದಿದ್ದವು.

ಊರಿಗೆಲ್ಲ ‘ಬೇಬೇ’, ಅಂದರೆ ಅಣ್ಣ, ಆದ ಹಿರಿಯ ಇದ್ರೀಸರ ಅಂಗಳದಲ್ಲಿ, ದೀವಿಹಲಸಿನ ಮರದ ಕೆಳಗೆ ಅವರ ಮರದ ದೋಣಿ ಇತ್ತು. ಬಿಸಿಲಿಗೆ ಹಲಗೆ ಬಿರಿಯದಿರಲೆಂದು ಮಳೆನೀರನ್ನು ಅದರೊಳಗೇ ನಿಲ್ಲಿಸಿದ್ದರು. ದಡಕ್ಕೆ ಎಳೆದ ದೋಣಿಗೆ ನಮ್ಮಲ್ಲಿ ಅನೇಕರು ಹಾಗೇ ಮಾಡುತ್ತಾರೆ.

ದೋಣಿಯ ಪಕ್ಕದಲ್ಲೇ ಉಯ್ಯಾಲೆ. ಹೆರಿಗೆಗೆಂದು ತವರಿಗೆ ಬಂದ ಮಗಳು ಶಿಯಾಮಾ ಮಧ್ಯಾಹ್ನ ಅದರಲ್ಲೇ ಮಲಗುವಳು. ಬೇಬೇ ಉಯ್ಯಾಲೆ ತೂಗುತ್ತ ಹಳೆಯ ಪದ್ಯಗಳನ್ನು ರಾಗವಾಗಿ ಹೇಳುವರು. ಬೇಲಿಯಾಚೆ ನಾವೂ ಕೈಕೆಲಸ ನಿಲ್ಲಿಸಿ ಕೇಳುತ್ತಿದ್ದೆವು.

ಆ ವಾರ ಪದ್ಯದ ನಡುವೆ ಚಪ್ಪಾಳೆ ಕೇಳಿಸತೊಡಗಿತು. ಸೊಳ್ಳೆ ಹೊಡೆಯುವ ಚಪ್ಪಾಳೆ. ಪಕ್ಕದ ಮನೆಯ ಸನ್ಫಾ ಆಗಲೇ ಡೆಂಗಿ ಜ್ವರ ಬಂದು ಮಲಗಿದ್ದಳು.

ಆರೋಗ್ಯ ಕೇಂದ್ರದ ಅಫೀಫಾ ಬಂದು ದೋಣಿಯೊಳಗೆ ಬಗ್ಗಿ ನೋಡಿದಳು. ಶಿಯಾಮಾಗೆ ಅವಳು ಬಾಲ್ಯದ ಗೆಳತಿ.

“ಬೇಬೇ, ಈ ನೀರು ಚೆಲ್ಲಬೇಕು.”

“ಚೆಲ್ಲಿದ್ರೆ ದೋಣಿ ಬಿರಿಯುತ್ತೆ. ನಮ್ಮಪ್ಪ ತೆಂಗಿನ ಹಲಗೇಲಿ ಕಟ್ಟಿದ್ದು ಕಣೇ ಇದು. ನಿಮ್ಮ ಕಾಲದ ಫೈಬರ್ ಡಬ್ಬ ಅಲ್ಲ.”

“ಒಳಗೆ ಸೊಳ್ಳೆಮರಿ ಕುಣೀತಿದಾವೆ.”

“ಕುಣೀಲಿ ಬಿಡು. ತಲೆ ಎತ್ತಿ ನೋಡು, ಏರೋಪ್ಲೇನ್ ಚಿಟ್ಟೆ! ದೇವರು ಕಳಿಸಿದ ಕಾವಲು. ಒಂದೂ ಬಿಡದೆ ನುಂಗಿ ಹಾಕ್ತಾವೆ.”

“ಅವು ದಾರಿಹೋಕರು ಬೇಬೇ. ಸಿಕ್ಕಷ್ಟು ತಿಂದು, ಗಾಳಿ ಹಿಡಿದು ಕಡಲಾಚೆ ಹೋಗಿಬಿಡ್ತಾವೆ. ಸೊಳ್ಳೆ ಮಾತ್ರ ನಿಮ್ಮ ಮನೆಯವೇ.”

ಶಿಯಾಮಾ ಉಯ್ಯಾಲೆಯಿಂದಲೇ ನಕ್ಕಳು. “ನೀನು ಯಾರಿಗೆ ಹೇಳ್ತಿದೀಯಾ? ಬಪ್ಪಂಗೆ ದೋಣಿನೇ ಹಿರೀಮಗಳು.”

“ಹೌದೇ, ಹಿರೀಮಗಳೇ. ಅವಳು ನಿನ್ನ ಹಾಗೆ ಎದುರು ಮಾತಾಡಲ್ಲ.”

ಅಫೀಫಾ ವಾದಕ್ಕಿಳಿಯಲಿಲ್ಲ. ಗಾಜಿನ ಜಾಡಿಯಲ್ಲಿ ದೋಣಿಯ ನೀರು ತುಂಬಿ, ಬಾಯಿಗೆ ತೆಳುಬಟ್ಟೆ ಕಟ್ಟಿದಳು. ಒಳಗೆ ಕೊಕ್ಕೆಯಂತೆ ಬಾಗಿದ ಕರಿಮರಿಗಳು ಪಲ್ಟಿ ಹೊಡೆಯುತ್ತಿದ್ದವು.

“ಇದನ್ನ ನಿಮ್ಮ ಕಣ್ಣೆದುರೇ ಇಟ್ಕೊಳ್ಳಿ. ಬಟ್ಟೆ ಬಿಚ್ಚಬೇಡಿ. ಶಿಯಾಮಾ, ಹಗಲು ಮಲಗಿದ್ರೂ ಸೊಳ್ಳೆಪರದೆ ಕಟ್ಕೋ. ಈ ಸೊಳ್ಳೆ ಕಚ್ಚೋದೇ ಹಗಲಲ್ಲಿ. ಬಸುರಿಗೆ ಡೆಂಗಿ ಬಂದ್ರೆ ತಾಯಿಗೂ ಅಪಾಯ, ಮಗೂಗೂ ಅಪಾಯ. ಜ್ವರ ಬಂತೋ, ಸಿಕ್ಕ ಮಾತ್ರೆ ನುಂಗಿ ಕೂರಬೇಡ. ನೇರ ನನ್ನ ಹತ್ತಿರ ಬಾ.”

ಮರುದಿನ ಇಳಿಹೊತ್ತಿನ ನಮಾಜು ಮುಗಿಸಿ ಬೇಬೇ ಮನೆಗೆ ಬಂದರು. ಸೆಕೆಗೆ ಪರದೆ ಸರಿಸಿ ಶಿಯಾಮಾ ನಿದ್ದೆ ಹೋಗಿದ್ದಳು. ಪದ್ಯ ಎತ್ತಿಕೊಳ್ಳಲು ಬಾಯಿ ತೆರೆದವರು ಹಾಗೇ ನಿಂತರು. ಸಣ್ಣಗೆ ಏನೋ ಕೇಳಿಸಿತು. ಸಭೆಯಲ್ಲಿ ಪದ್ಯ ಓದುವವರು ಒಂದು ಸ್ವರ ತಪ್ಪಿದರೂ ಹಿಂದಿನ ಸಾಲಿನಲ್ಲಿ ಕೂತು ಹಿಡಿಯುವ ಕಿವಿ ಅವರದು. ಉಯ್ಯಾಲೆಯ ಪಕ್ಕದಲ್ಲೇ ಇಟ್ಟಿದ್ದ ಜಾಡಿ ಎತ್ತಿ ಕಿವಿಗೆ ಹಿಡಿದರು.

ಬಟ್ಟೆಯ ಅಡಿಯಲ್ಲಿ, ಕಾಲಿಗೆ ಬಿಳಿ ಪಟ್ಟೆಯ ಸೊಳ್ಳೆಗಳು ತಲೆಕೆಳಗಾಗಿ ಕೂತಿದ್ದವು.

ಜಾಡಿ ಕೆಳಗಿಟ್ಟರು. ಸದ್ದು ನಿಲ್ಲಲಿಲ್ಲ. ಅಂಥದೇ ಒಂದು ಸೊಳ್ಳೆ ಮಗಳ ತೋಳಿನ ಮೇಲೆ ಸುತ್ತುತ್ತಿತ್ತು. ಕೈಬೀಸಿ ಓಡಿಸಿ, ಪರದೆ ಎಳೆದು ಅಂಚು ಸಿಕ್ಕಿಸಿದರು. ಆಮೇಲೆ ದೋಣಿಯ ಪಕ್ಕ ಮಂಡಿಯೂರಿ, ತಳದ ತೂತಿಗೆ ಬಡಿದಿದ್ದ ಬೆಣೆ ಕಿತ್ತರು. ಬಿಳಿ ಮರಳು ನೀರನ್ನೆಲ್ಲ ಕುಡಿದುಬಿಟ್ಟಿತು. ಮೇಲೆ ಉಳಿದ ಮರಿಗಳಿಗೆ ಇರುವೆಗಳು ಸಾಲು ಹಿಡಿದು ಬಂದವು.

ಸುದ್ದಿ ಕೇಳಿ ಬಂದ ಅಫೀಫಾಳಿಗೆ ಬೇಬೇ ಮೆತ್ತಗೆ ಹೇಳಿದರು: “ನೀರೇನೋ ಚೆಲ್ಲಿದೆ. ಇನ್ನು ಈ ಹಿರೀಮಗಳು ಒಣಗಿ ಬಿರೀತಾಳಲ್ಲೇ.”

“ದೋಣಿಯ ಒಳಗೆ ಯಾಕೆ ಬೇಬೇ ನೀರು? ಹೊರಗೆ ಅಷ್ಟು ದೊಡ್ಡ ಸಮುದ್ರ ಇದೆಯಲ್ಲ!”

ಸೊಳ್ಳೆಯ ಮೊಟ್ಟೆ ಹಲಗೆಗೆ ಅಂಟಿರುತ್ತದೆಂದು ಒಳಗೆಲ್ಲ ತಿಕ್ಕಿ ತೊಳೆದರು. ನೆರೆಯವರೆಲ್ಲ ಕೈಹಾಕಿ, ಏಲೋ ಎಂದು ದೋಣಿಯನ್ನು ಎಳೆದು ದಡದಂಚಿನ ತಿಳಿಗಡಲಲ್ಲಿ ಕಟ್ಟಿದರು. ಹಲಗೆ ತಂಪಾಗಿಯೇ ಉಳಿಯಿತು.

ಎಷ್ಟೋ ದಿನ ಬೇಬೇ ಮಗಳ ಹಣೆ ಮುಟ್ಟಿ ನೋಡುತ್ತಲೇ ಇದ್ದರು. ದೇವರ ದಯೆ, ಜ್ವರ ಬರಲಿಲ್ಲ. ಈಗ ಆ ಉಯ್ಯಾಲೆಯಲ್ಲಿ ಪರದೆಯೊಳಗೆ ಮೊಮ್ಮಗಳು ಮಲಗುತ್ತಾಳೆ. ಬೇಬೇ ಪದ್ಯ ಹೇಳುತ್ತಾರೆ. ನಡುವೆ ಚಪ್ಪಾಳೆ ಇಲ್ಲ.

ಇದನ್ನು ಓದಿದ ಅಕ್ಕ, ಅಣ್ಣ, ಈಗಲೇ ಅಂಗಳಕ್ಕೆ ಇಳಿಯಿರಿ. ಇಲಿ ಕಚ್ಚಿ ಬೀಳಿಸಿದ ಎಳನೀರು, ತುರಿದೆಸೆದ ತೆಂಗಿನ ಚಿಪ್ಪು, ಹಳೆಯ ಡಬ್ಬ, ದಡದ ದೋಣಿ, ಎಲ್ಲದರ ನೀರು ಚೆಲ್ಲಿ. ಸಮುದ್ರಕ್ಕೆ ಇಳಿಸಲಾಗದ ದೋಣಿಯನ್ನು ಕವುಚಿ ಹಾಕಿ, ಮೇಲೆ ಒದ್ದೆ ಗೋಣಿ ಹೊದಿಸಿ. ಕುಡಿಯುವ ಮಳೆನೀರಿನ ತೊಟ್ಟಿಯನ್ನೂ ಕೈಕಾಲು ತೊಳೆಯುವ ನೀರಿನ ಹಂಡೆಯನ್ನೂ ಬಿಗಿಯಾಗಿ ಮುಚ್ಚಿ. ಪ್ರತಿ ಶುಕ್ರವಾರ ಮಸೀದಿಗೆ ಹೊರಡುವ ಮುನ್ನ ಇದೊಂದು ಕೆಲಸ ಮಾಡಿ.

ಆಮೇಲೆ ಒಂದು ಗಳಿಗೆ ಸುಮ್ಮನೆ ನಿಂತು ಕಿವಿಗೊಡಿ. ಗುಂಯ್ ಎಂಬ ಸದ್ದು ಇನ್ನೂ ಕೇಳಿಸಿದರೆ, ಎಲ್ಲೋ ನೀರು ನಿಂತಿದೆ. ಮತ್ತೆ ಹುಡುಕಿ.