ಎರಡನೆಯ ಗಂಟು

ಆ ಕಚೇರಿಯಲ್ಲಿ ಕಡತ ಕಟ್ಟುತ್ತಿದ್ದ ಲಾಡಿ ಒಂದು ಕಾಲಕ್ಕೆ ಕೆಂಪಗಿತ್ತಂತೆ. ನಾನು ಸೇರುವ ಹೊತ್ತಿಗೆ ಬೆವರು, ಧೂಳು, ಗೋಂದು ಹತ್ತಿ ಇಟ್ಟಿಗೆ ಪುಡಿಯ ಬಣ್ಣಕ್ಕೆ ತಿರುಗಿತ್ತು. ಯಾವ ಕಡತವೇ ಆಗಲಿ, ಸಾಹೇಬರ ಮೇಜಿಗೆ ಹೋಗುವಾಗ ಆ ಲಾಡಿಯ ಒಂದು ಸುತ್ತು, ಒಂದು ಗಂಟು ಹಾಕಿಸಿಕೊಂಡೇ ಹೋಗಬೇಕು. ಎಲ್ಲೋ ಆರು ತಿಂಗಳಿಗೊಮ್ಮೆ ಯಾವುದೋ ಕಡತದ ಮೇಲೆ ಎರಡು ಗಂಟು ಇರುತ್ತಿದ್ದವು. ನೋಡಿದವರು ನೋಡದವರಂತೆ ಇರುತ್ತಿದ್ದರು.

ಅದು ಊರಿನ ನೀರು ಸರಬರಾಜು ಮಂಡಳಿ. ಮೇಲಿನವರು ಕೊಟ್ಟ ವರದಿಯ ಕೆಳಗೆ 'ಒಪ್ಪಿಗೆಗಾಗಿ ಮಂಡಿಸಿದೆ' ಎಂದು ಬರೆದು ಸಹಿ ಹಾಕಬೇಕೇ ಹೊರತು, 'ಇದು ಸುಳ್ಳು' ಎಂದು ಬರೆದವರು ಅಲ್ಲಿ ಬಾಳುವಂತಿರಲಿಲ್ಲ. ಅದಕ್ಕೇ ಯಾರೋ ಪುಣ್ಯಾತ್ಮರು, ನಮ್ಮ ಕಾಲಕ್ಕಿಂತ ಬಹಳ ಹಿಂದೆ, ಎರಡನೆಯ ಗಂಟನ್ನು ರೂಢಿಗೆ ತಂದಿದ್ದರು. ಸಹಿ ಹಾಕಿದ್ದೇನೆ, ಆದರೆ ನನ್ನ ಮನಸ್ಸು ಒಪ್ಪಿಲ್ಲ ಎಂದು ಅದರ ಅರ್ಥ. ಸಾಹೇಬರು, ಅಂದರೆ ಮಂಡಳಿಯ ಮುಖ್ಯಾಧಿಕಾರಿಗಳು, ಆ ಗಂಟು ಕಂಡರೆ ಕಡತದ ಅಂಚಿನಲ್ಲಿ 'ಚರ್ಚಿಸಿ' ಎಂದು ಒಂದೇ ಪದ ಬರೆದು, ಗಂಟು ಹಾಕಿದವರನ್ನು ಒಳಗೆ ಕರೆಸಿ, ಬಾಗಿಲು ಮುಚ್ಚಿಸಿ ನಿಜ ಸಂಗತಿ ಕೇಳುತ್ತಿದ್ದರು. ಹೋಗುವ ಸಾಹೇಬರು ಬರುವ ಸಾಹೇಬರಿಗೆ ಬೀರುವಿನ ಕೀಲಿಕೈ ಕೊಡುವಾಗ ಇದನ್ನೂ ಕಿವಿಯಲ್ಲಿ ಹೇಳಿ ಹೋಗುತ್ತಿದ್ದರಂತೆ. ಕಾಗದದ ಮೇಲೆ ಮಾತ್ರ ಇದು ಎಲ್ಲಿಯೂ ಇರಲಿಲ್ಲ.

ಆಡಳಿತ ಶಾಖೆಯ ಸೂಪರಿಂಟೆಂಡೆಂಟ್ ಚಂದ್ರಮತಿಗೂ ಯೋಜನಾ ಶಾಖೆಯ ನನಗೂ ಎಣ್ಣೆ ಸೀಗೆಕಾಯಿ. ಒಂದೇ ಕೋಣೆಯಲ್ಲಿ ಎದುರುಬದುರು ಮೇಜು ಹಾಕಿಕೊಂಡು ಹದಿನಾಲ್ಕು ವರ್ಷ ಕೂತಿದ್ದೆವು. ನನ್ನ ಟಿಪ್ಪಣಿಯಲ್ಲಿ ತಾರೀಖು ತಪ್ಪಿದ್ದರೆ ಆಕೆ ಪೆನ್ಸಿಲಿನಿಂದ ಅದರ ಸುತ್ತ ಒಂದು ಸೊನ್ನೆ ಬರೆದು, ಮಾತೂ ಆಡದೆ, ಅಟೆಂಡರ್ ಕೈಲಿ ಎರಡು ಮಾರು ದೂರದ ನನ್ನ ಮೇಜಿಗೆ ಕಳಿಸುತ್ತಿದ್ದಳು. ಬಾಯಲ್ಲಿ ಹೇಳಿದ್ದರೆ ತಿದ್ದಿಕೊಳ್ಳುತ್ತಿದ್ದೆ. ಆ ಸೊನ್ನೆ ಕಂಡರೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾನೂ ಸುಮ್ಮನಿದ್ದವನಲ್ಲ. ಆಕೆಯ ಶಾಖೆ ಕೇಳಿದ ಮಾಹಿತಿಯನ್ನು ಕೊನೆಯ ದಿನದ ಕೊನೆಯ ಗಂಟೆಗೆ, ಎರಡು ಸಲ ಕೇಳಿಸಿಕೊಂಡ ಮೇಲೆಯೇ ಕೊಡುತ್ತಿದ್ದೆ.

ಹೀಗಿರುವಾಗ ಕಡತಗಳ ಓಡಾಟಕ್ಕೆ ಸಾಫ್ಟ್‌ವೇರ್ ಕೊಳ್ಳಬೇಕೆಂದು ಮಂಡಳಿ ತೀರ್ಮಾನಿಸಿತು. ಯಾವ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ, ಎಷ್ಟು ದಿನದಲ್ಲಿ ಹೋಗಬೇಕು ಎಂಬುದನ್ನೆಲ್ಲ ಅದೇ ನೋಡಿಕೊಳ್ಳುತ್ತದೆ, ಜನ ನೋಡಿಕೊಳ್ಳಬೇಕಾಗಿಲ್ಲ ಎಂದು ಸುತ್ತೋಲೆ ಹೇಳಿತ್ತು. ಆಯ್ಕೆ ಸಮಿತಿಯಲ್ಲಿ ನಾಲ್ವರು: ಸಾಹೇಬರು, ಎಂಜಿನಿಯರ್, ಚಂದ್ರಮತಿ, ನಾನು. ಕೊನೆಗೆ ಉಳಿದದ್ದು ಎರಡು ಕಂಪನಿ.

ಮೊದಲ ಕಂಪನಿಯವನು ಇಸ್ತ್ರಿ ಮುರಿಯದ ಅಂಗಿ ಹಾಕಿಕೊಂಡು ಬಂದು ಗೋಡೆಯ ಮೇಲೆ ಚಿತ್ರ ಬೀಳಿಸಿ ತೋರಿಸಿದ. ಪ್ರತಿ ಮೇಜಿಗೂ ಎರಡೇ ಗುಂಡಿ. ಹಸಿರು ಒತ್ತಿದರೆ ಒಪ್ಪಿಗೆ, ಕೆಂಪು ಒತ್ತಿದರೆ ವಾಪಸ್ಸು. ಕೆಂಪಿಗೆ ಕಾರಣ ಬರೆಯಲೇಬೇಕು, ಕಾರಣ ಎಲ್ಲರಿಗೂ ಕಾಣುತ್ತದೆ. ಮೂರು ದಿನ ಯಾರೂ ಮುಟ್ಟದಿದ್ದರೆ ಕಡತ ತಾನಾಗಿಯೇ ಮುಂದಿನ ಮೇಜಿಗೆ ಹೋಗುತ್ತದೆ. ಅವನನ್ನು ಹುಡುಕಿ ಕರೆತಂದವನು ನಾನು. ಅದು ಆಯ್ಕೆಯಾದರೆ ಅದರ ಉಸ್ತುವಾರಿ ನನಗೇ ಎಂದು ಸಾಹೇಬರು ಸೂಚನೆಯನ್ನೂ ಕೊಟ್ಟಿದ್ದರು.

ಎರಡನೆಯ ಕಂಪನಿಯಿಂದ ನಸ್ರೀನ್ ಎಂಬ ಹೆಣ್ಣುಮಗಳು ಬಂದಳು. ಗೋಡೆಯ ಮೇಲೆ ಏನನ್ನೂ ತೋರಿಸದೆ, ನಾಲ್ಕು ದಿನ ಒಂದೊಂದು ಮೇಜಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಮೂರನೆಯ ದಿನ ಚಂದ್ರಮತಿಯನ್ನು ಕೇಳಿದಳು: "ಮೇಡಂ, ಈ ಆರು ಫೈಲು ಮಾತ್ರ 'ಚರ್ಚಿಸಿ' ಅಂತ ವಾಪಸ್ ಬಂದಿವೆ. ಹಾಳೇಲಿ ಕಾರಣ ಇಲ್ವಲ್ಲ, ಯಾಕೆ?"

ಚಂದ್ರಮತಿ ಆ ಆರನ್ನೂ ಎತ್ತಿ ಬೀರುವಿನಲ್ಲಿಟ್ಟಳು. ಮರುದಿನ ದನಿ ತಗ್ಗಿಸಿ ಕೇಳಿದಳು: "ಸಹಿ ಪಕ್ಕ ಒಂದು ಚುಕ್ಕೆ ಇಡೋಕಾಗತ್ತೇನಮ್ಮಾ? ಸಾಹೇಬ್ರಿಗೆ ಮಾತ್ರ ಕಾಣ್ಬೇಕು. ಕಾರಣ ಏನು ಅಂತ ಅದು ಕೇಳ್ಬಾರದು."

"ಆಗತ್ತೆ ಮೇಡಂ. ದೊಡ್ಡ ಕೆಲಸವೇನಲ್ಲ," ಎಂದಳು ನಸ್ರೀನ್.

ಎದುರಿನ ಮೇಜಿನಲ್ಲಿದ್ದ ನನಗೆ ಎಲ್ಲವೂ ಕೇಳಿಸಿತು. ಆ ಚುಕ್ಕೆ ಯಾಕೆ ಬೇಕೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೆ ಆಕೆಗೆ ಬೇಕಾದದ್ದು ನನಗೆ ಬೇಡ; ನನ್ನ ಆಯ್ಕೆಗೆ ಅದಕ್ಕಿಂತ ಹೆಚ್ಚಿನ ಕಾರಣವೇನೂ ಇರಲಿಲ್ಲ.

ಸಮಿತಿ ಸೇರುವ ದಿನ ಬೆಳಿಗ್ಗೆ ಓಬಳೇಶ ನನ್ನ ಮೇಜಿನ ಹತ್ತಿರ ಬಂದು ನಿಂತ. ಅವನು ಕೋಟೆ ಬೀದಿಯ ನೀರುಗಂಟಿ. ಬೀದಿಬೀದಿಗೆ ವಾಲ್ವು ತಿರುಗಿಸಿ ನೀರು ಬಿಡುವವನು. ಹನ್ನೊಂದು ವರ್ಷ ದಿನಗೂಲಿಯಲ್ಲಿ ದುಡಿದಿದ್ದ. ಖಾಯಂ ಆಗುವವರ ಪಟ್ಟಿ ಮುಂದಿನ ತಿಂಗಳು ಹೊರಡುವುದಿತ್ತು, ಅದರಲ್ಲಿ ಅವನ ಹೆಸರೂ ಇತ್ತು. ಅಷ್ಟರಲ್ಲಿ ಮೂರು ದಿನ ಕೋಟೆ ಬೀದಿಗೆ ನೀರು ಬರದೆ ಜನ ಕೊಡ ಹಿಡಿದುಕೊಂಡು ಕಚೇರಿಗೆ ನುಗ್ಗಿದ್ದರು. ಹೇಳದೆ ಕೇಳದೆ ಗೈರುಹಾಜರಾದ ಓಬಳೇಶನನ್ನು ಕೆಲಸದಿಂದ ತೆಗೆಯಬೇಕೆಂದು ಎಂಜಿನಿಯರ್ ವರದಿ ಕೊಟ್ಟಿದ್ದರು.

"ಆ ಮೂರು ದಿನ ನಾನೇನ್ ಮನೇಲಿ ಮಲಗಿರ್ಲಿಲ್ಲ ಸಾರ್. ಎಂಜಿನಿಯರ್ ಸಾಹೇಬ್ರ ಹೊಸ ಮನೆ ಗೃಹಪ್ರವೇಶಕ್ಕೆ ಅವರೇ ಕಳ್ಸಿದ್ರು. ಶಾಮಿಯಾನ ಹಾಕ್ಸಿ, ಪಾತ್ರೆ ಹೊತ್ತು, ಎಲೆ ಎತ್ತಿದೀನಿ. ವಾಲ್ವಿಗೆ ಬೇರೆಯವ್ರನ್ನ ಬಿಡ್ತೀನಿ ಅಂದಿದ್ರು. ಈಗ ಗೈರುಹಾಜರಿ ಅಂತ ಬರ್ದವ್ರೆ," ಎಂದ.

"ನೋಡ್ತೀನಿ ಹೋಗಪ್ಪ," ಎಂದೆ. ಅವನು ಕೈಮುಗಿದು ಹೋದ.

ಎದುರು ಮೇಜಿನಲ್ಲಿ ಚಂದ್ರಮತಿ ಅವನದೇ ಕಡತ ಕಟ್ಟುತ್ತಿದ್ದಳು. ವರದಿಯ ಕೆಳಗೆ ಸಹಿ ಹಾಕಿ, ಲಾಡಿ ಸುತ್ತಿ ಒಂದು ಗಂಟು ಹಾಕಿದಳು. ಸ್ವಲ್ಪ ತಡೆದು ಇನ್ನೊಂದು ಹಾಕಿದಳು. ನಾನು ನೋಡಿದ್ದು ಆಕೆಗೆ ಗೊತ್ತಾಯಿತು. ಕಡತವನ್ನು ಅಟೆಂಡರ್ ಕೈಗೆ ಕೊಟ್ಟು ಸಾಹೇಬರ ಕೋಣೆಗೆ ಕಳಿಸಿದಳು.

ಸಮಿತಿ ಮಧ್ಯಾಹ್ನ ಅದೇ ಕೋಣೆಯಲ್ಲಿ ಸೇರಿತು. ಸಾಹೇಬರ ಎಡಗೈ ಪಕ್ಕ ಆ ದಿನದ ಕಡತಗಳು ಒಂದರ ಮೇಲೊಂದು ಇದ್ದವು. ಅರ್ಧ ಗಂಟೆ ಬೆಲೆ, ವಾರಂಟಿ, ತರಬೇತಿ ಎಂದು ಮಾತಾಯಿತು. ಚಂದ್ರಮತಿ ನಸ್ರೀನಳ ಕಂಪನಿಯದೇ ಆಗಬೇಕು ಎಂದು ಪಟ್ಟು ಹಿಡಿದಳು.

"ಯಾಕೆ ಅಂತ ಹೇಳಿ ಮೇಡಂ. ಅದು ದುಬಾರಿ, ನಿಧಾನ, ಸಣ್ಣ ಕಂಪನಿ ಬೇರೆ," ಎಂದೆ ನಾನು.

"ಅದರಲ್ಲಿ ಒಂದು ಅನುಕೂಲ ಇದೆ."

"ಯಾವುದು? ಆ ಚುಕ್ಕೆಯಾ?"

ಆಕೆ ಸಾಹೇಬರ ಮುಖ ನೋಡಿದಳು. ಸಾಹೇಬರು ತಮ್ಮ ಪೆನ್ನಿನ ಮುಚ್ಚಳ ನೋಡಿಕೊಂಡರು. "ಚುಕ್ಕೆ ಏನ್ರೀ ಅದು?" ಎಂದು ಎಂಜಿನಿಯರ್ ಕೇಳಿದರು. ಅವರು ಹೊರಗಿನಿಂದ ವರ್ಗವಾಗಿ ಬಂದು ವರ್ಷವಾಗಿತ್ತಷ್ಟೆ.

"ಸಹಿ ಪಕ್ಕ ಒಂದು ಗುರುತು, ಅಷ್ಟೇ ಸಾರ್," ಎಂದಳು ಚಂದ್ರಮತಿ. ಆಕೆಗೆ ಅದು ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪವಾಗಿತ್ತು. ಆ ಮುಖವನ್ನು ನೋಡಲು ನಾನು ಹದಿನಾಲ್ಕು ವರ್ಷ ಕಾದಿದ್ದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ನನ್ನ ಕಂಪನಿ ಆಗಲೇ ಗೆದ್ದಿತ್ತು. ಆದರೆ ಆಕೆ ನನ್ನ ಕಡೆ ತಿರುಗಿ, "ನಿಮಗೆ ಗೊತ್ತಿಲ್ದೇ ಇರೋದೇನಲ್ಲ," ಎಂದಳು. ಆ ದನಿಯಲ್ಲಿ ನನಗೆ ಪೆನ್ಸಿಲಿನ ಸೊನ್ನೆ ಕಂಡಿತು.

"ಗೊತ್ತಿದೆ, ಅದಕ್ಕೇ ಹೇಳ್ತೀನಿ ಸಾರ್. ಇವರಿಗೆ ಬೇಕಾಗಿರೋದು ಎರಡನೇ ಗಂಟು. ಸಹಿ ಹಾಕೋದು ಒಂದು ಕೈ, ಅದನ್ನ ಸುಳ್ಳು ಅನ್ನೋದು ಇನ್ನೊಂದು ಕೈ. ಲಾಡಿಗೆ ಎರಡು ಗಂಟು ಹಾಕಿ ಮೇಲಿನವರ ವರದಿನ ತಡೆ ಹಿಡಿಸ್ತಾರೆ. ಫೈಲುಗಳು ನಿಧಾನ ಆಗ್ತಿರೋದೇ ಇದರಿಂದ. ಹೊಸದ್ರಲ್ಲೂ ಅದೇ ಕಳ್ಳದಾರಿ ಕೇಳ್ತಿದಾರೆ," ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಾಹೇಬರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅಂಥ ಪದ್ಧತಿ ಯಾವುದೂ ನನಗೆ ಗೊತ್ತಿಲ್ಲ," ಎಂದರು.

ಎಂಜಿನಿಯರ್ ಕಣ್ಣು ಕಡತಗಳ ಮೇಲೆ ಹೋಗಿತ್ತು. ಎಲ್ಲಕ್ಕಿಂತ ಮೇಲಿದ್ದದ್ದು ಓಬಳೇಶನದು. ಎರಡು ಗಂಟು, ಒಂದರ ಮೇಲೊಂದು, ಯಾರಿಗಾದರೂ ಕಾಣುವ ಹಾಗಿದ್ದವು.

"ಇದು ನನ್ನ ವರದಿ ಫೈಲಲ್ವಾ ಸಾರ್?" ಎಂದರು ಎಂಜಿನಿಯರ್, ಬಹಳ ಮೆತ್ತಗೆ.

ಸಾಹೇಬರು ಕಡತವನ್ನು ಹತ್ತಿರಕ್ಕೆ ಎಳೆದುಕೊಂಡರು. ಚಂದ್ರಮತಿ, "ಸಾರ್, ನಾಳೆ ನೋಡಬಹುದಲ್ವಾ," ಎಂದಳು. ಅವರು ತಲೆಯೆತ್ತಲಿಲ್ಲ. ಅಂಥ ಪದ್ಧತಿ ಗೊತ್ತಿಲ್ಲ ಎಂದವರು ಇನ್ನು ಆ ಗಂಟನ್ನು ಗಂಟೆಂದು ಕಾಣುವಂತಿರಲಿಲ್ಲ. ಉಗುರಿನಿಂದ ಮೊದಲನೆಯದನ್ನು ಬಿಚ್ಚಿದರು, ಬಿಗಿಯಾಗಿದ್ದ ಎರಡನೆಯದನ್ನೂ ಬಿಚ್ಚಿದರು. ವರದಿಯ ಕೆಳಗೆ 'ಒಪ್ಪಿದೆ' ಎಂದು ಬರೆದು ಸಹಿ ಹಾಕಿದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಓಬಳೇಶನಿಗೆ ಹಾಗಾಯಿತು. ಆಮೇಲೆ ಐದು ನಿಮಿಷದಲ್ಲಿ ನನ್ನ ಕಂಪನಿಯ ಆಯ್ಕೆಯೂ ಮುಗಿಯಿತು.

ಹೊರಗೆ ಪಡಸಾಲೆಯಲ್ಲಿ ಚಂದ್ರಮತಿ ನನ್ನನ್ನು ನಿಲ್ಲಿಸಿದಳು.

"ಅವನ ಅನ್ನ ಕಿತ್ಕೊಂಡಿದ್ದು ಸಾಹೇಬ್ರ ಸಹಿ ಅಲ್ಲ ಕಣ್ರೀ. ನಿಮ್ಮ ಬಾಯಿ."

"ನಿಯಮದ ಪ್ರಕಾರ ಆಗಿದೆ," ಎಂದೆ.

"ನಿಯಮದ ಪ್ರಕಾರ ಆಗಿದ್ರೆ ನೀವು ಇವತ್ತು ಈ ಕಚೇರೀಲಿ ಇರ್ತಿರ್ಲಿಲ್ಲ."

ಇದನ್ನು ನಾನು ಮೊದಲೇ ಹೇಳಬೇಕಾಗಿತ್ತು. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಕಾಮಗಾರಿಯ ಲೆಕ್ಕ ಬರೆದಿಡುವ ಅಳತೆ ಪುಸ್ತಕವೊಂದು ಕಳೆದಾಗ ನನ್ನ ಮೇಲಿನವರು ತಪ್ಪನ್ನು ನನ್ನ ತಲೆಗೆ ಕಟ್ಟಿದ್ದರು. ನನ್ನನ್ನು ತೆಗೆದುಹಾಕುವ ಕಡತ ಮೇಲಕ್ಕೆ ಹೋಗಿ, ಮೂರನೆಯ ದಿನ 'ಚರ್ಚಿಸಿ' ಎಂದು ಕೆಳಗೆ ಬಂತು. ವಾರದೊಳಗೆ ಪುಸ್ತಕ ಮೇಲಿನವರ ಬೀರುವಿನಲ್ಲೇ ಸಿಕ್ಕಿತು. ಯಾಕೆ ಉಳಿದೆನೆಂದು ನನಗೆ ತಿಳಿದಿರಲಿಲ್ಲ. ಕರಿಯಣ್ಣ ಎಂಬ ಮುದಿ ಅಟೆಂಡರ್ ನೀರಿನ ಹೂಜಿ ತುಂಬಿಸುತ್ತಾ, "ನಿಮಗೆ ಯಾರೋ ಎರಡು ಹಾಕಿದ್ರು ಸ್ವಾಮಿ. ಯಾರು ಅಂತ ಕೇಳ್ಬೇಡಿ, ನೀವೂ ಯಾರಿಗೂ ಹೇಳ್ಬೇಡಿ," ಎಂದಿದ್ದ. ಎರಡನೆಯ ಗಂಟು ನನಗೆ ಗೊತ್ತಾದದ್ದೇ ಹಾಗೆ. ಆಗ ಚಂದ್ರಮತಿ ಇನ್ನೂ ಕೆಲಸಕ್ಕೆ ಸೇರಿರಲಿಲ್ಲ. ಗಂಟು ಹಾಕಿದ್ದವರು ಹಳೆಯ ಸೂಪರಿಂಟೆಂಡೆಂಟ್ ಎಂದು ನನಗೆ ತಿಳಿಯುವ ಹೊತ್ತಿಗೆ ಅವರು ತೀರಿಕೊಂಡು ಬಹಳ ವರ್ಷವಾಗಿತ್ತು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಏನೆಂದು ಕೇಳಿದರೆ ನಾನು ನನ್ನ ಕಡೆಗೇ ಬೆರಳು ತೋರಿಸಬೇಕು.

ಅಷ್ಟಾದರೂ ಆ ದಿನ ನನಗೆ ಬಂದದ್ದು ಪಶ್ಚಾತ್ತಾಪವಲ್ಲ, ಸಿಟ್ಟು. ಆ ಹಳೆಯ ಕತೆಯನ್ನು ಆಕೆಗೆ ಯಾರು ಹೇಳಿದರು ಎಂಬ ಸಿಟ್ಟು.

ಹೊಸ ಸಾಫ್ಟ್‌ವೇರ್ ಚೆನ್ನಾಗಿಯೇ ನಡೆಯಿತು. ಹನ್ನೊಂದು ದಿನ ಹಿಡಿಯುತ್ತಿದ್ದ ಕಡತ ಎರಡು ದಿನಕ್ಕೆ ಮುಗಿಯುತ್ತಿತ್ತು. ಬೇರೆ ಊರಿನವರು ಬಂದು ನೋಡಿ ಹೋದರು, ನನಗೆ ಪ್ರಶಂಸಾ ಪತ್ರ ಬಂತು. ಲಾಡಿಯ ಉಂಡೆಗಳನ್ನು ರದ್ದಿಯವನು ತೂಕಕ್ಕೆ ಹಾಕಿಕೊಂಡು ಹೋದ. ನನಗೇ ಒಪ್ಪಿಗೆಯಿಲ್ಲದ ಎಷ್ಟೋ ಕಡತಗಳು ಪರದೆಯ ಮೇಲೆ ಬಂದವು. ಕೆಂಪು ಒತ್ತಿ ಕಾರಣ ಬರೆಯುವ ಧೈರ್ಯ ನನಗೆ ಒಂದು ಸಲವೂ ಬರಲಿಲ್ಲ. ಹಸಿರನ್ನೇ ಒತ್ತಿದೆ.

ಓಬಳೇಶ ಖಾಸಗಿ ಟ್ಯಾಂಕರೊಂದರಲ್ಲಿ ಪೈಪು ಹಿಡಿಯುವ ಕೆಲಸಕ್ಕೆ ಸೇರಿದ. ಬೀದಿಯಲ್ಲಿ ಕಂಡಾಗಲೆಲ್ಲ ಪೈಪು ಕೆಳಗಿಟ್ಟು ಕೈಮುಗಿಯುತ್ತಿದ್ದ. "ನೀವು ನೋಡ್ತೀನಿ ಅಂದಿದ್ರಿ. ನಿಮ್ಮ ಕೈಲೂ ಆಗ್ಲಿಲ್ಲ, ಬಿಡಿ ಸಾರ್," ಎಂದು ಒಂದು ಸಲ ನನ್ನನ್ನೇ ಸಮಾಧಾನ ಮಾಡಿದ. ಆಮೇಲೆ ಟ್ಯಾಂಕರ್ ಸದ್ದು ಕೇಳಿದರೆ ನಾನು ಅಡ್ಡ ಬೀದಿಗೆ ತಿರುಗುತ್ತಿದ್ದೆ.

ಆರು ವರ್ಷದ ನಂತರ ನಾನು ನಿವೃತ್ತನಾದೆ. ಆ ಆರು ವರ್ಷದಲ್ಲಿ ಎದುರು ಮೇಜಿನಿಂದ ನನಗೆ ಒಂದು ಮಾತೂ ಬರಲಿಲ್ಲ, ಪೆನ್ಸಿಲಿನ ಸೊನ್ನೆಯೂ ಬರಲಿಲ್ಲ. ಬೀಳ್ಕೊಡುಗೆಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅಭಿನಂದನಾ ಪತ್ರ ಓದುವುದು ಆಡಳಿತ ಶಾಖೆಯ ಕೆಲಸ, ಆದ್ದರಿಂದ ಚಂದ್ರಮತಿಯೇ ಓದಬೇಕಾಯಿತು. 'ಕಡತಗಳಿಗೆ ವೇಗ ತಂದವರು, ಸಹೋದ್ಯೋಗಿಗಳ ಪ್ರೀತಿಗೆ ಪಾತ್ರರಾದವರು' ಎಂಬುದನ್ನೆಲ್ಲ ಆಕೆ ಎಲ್ಲಿಯೂ ತಡವರಿಸದೆ ಓದಿದಳು. ಕೆಳಗೆ ಎಲ್ಲರ ಸಹಿ ಇತ್ತು, ಮೊದಲ ಸಹಿ ಆಕೆಯದೇ.

ಓದಿ ಮುಗಿಸಿ ಪತ್ರವನ್ನು ಸುರುಳಿ ಸುತ್ತಿದಳು. ಆಗ ಇದ್ದ ಹೊಸ ಸಾಹೇಬರು ಚಿಕ್ಕ ವಯಸ್ಸಿನವರು. ಕಟ್ಟಲು ರಿಬ್ಬನ್ ಇಲ್ಲವೇ ಎಂದು ಅತ್ತಿತ್ತ ನೋಡಿದರು. "ಇದೆ ಸಾರ್," ಎಂದು ಚಂದ್ರಮತಿ ತನ್ನ ಕೈಚೀಲದಿಂದ ಒಂದು ಮೊಳ ಲಾಡಿ ತೆಗೆದಳು. ಇಟ್ಟಿಗೆ ಪುಡಿಯ ಬಣ್ಣದ್ದು. ಸುರುಳಿಯ ನಡುವೆ ಸುತ್ತಿ ಒಂದು ಗಂಟು ಹಾಕಿದಳು. ತಡೆದಳು. ತಲೆಯೆತ್ತಿ ನನ್ನ ಮುಖವನ್ನು ನೆಟ್ಟಗೆ ನೋಡಿದಳು. ಆಮೇಲೆ ಎರಡನೆಯದನ್ನು ಹಾಕಿ, ಎರಡೂ ತುದಿ ಹಿಡಿದು ಬಿಗಿದು, ಎರಡೂ ಕೈಯಿಂದ ನನಗೆ ಕೊಟ್ಟಳು. ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಯಲ್ಲಿ ನನ್ನ ಹೆಂಡತಿ, "ಬಿಚ್ಚಿ ಕೊಡಿ, ಫ್ರೇಮ್ ಹಾಕ್ಸೋಣ," ಎಂದಳು. ಇರಲಿ ಬಿಡು ಎಂದೆ. ಗಂಟು ಬಿಗಿಯಾಗಿದೆಯೆಂದುಕೊಂಡು ಕತ್ತರಿ ತಂದಳು. ಕತ್ತರಿಯನ್ನು ತೆಗೆದುಕೊಂಡು ಒಳಗಿಟ್ಟೆ. ಸುರುಳಿ ಇವತ್ತಿಗೂ ಅಲಮಾರಿಯ ಮೇಲೆ ಹಾಗೆಯೇ ಇದೆ.

ಚಂದ್ರಮತಿಗೂ ಈಗ ನಿವೃತ್ತಿಯಾಗಿದೆ. ಅವಳ ಮನೆ ನಮ್ಮ ಮನೆಯಿಂದ ಎರಡು ಬೀದಿ ಆಚೆ. ಎರಡು ಗಂಟು ಕಂಡವರು ಅಂಚಿನಲ್ಲಿ 'ಚರ್ಚಿಸಿ' ಎಂದು ಬರೆದು, ಹಾಕಿದವರನ್ನು ಕರೆದು, ಬಾಗಿಲು ಮುಚ್ಚಿ ಕೇಳಬೇಕು. ನಾನು ಇನ್ನೂ ಕರೆದಿಲ್ಲ.